ಬೆಂಬಲದ ಮಾತೂ ಸುಳ್ಳುಸಾಕ್ಷಿಯೂ



ಚುನಾವಣೆಯ ಕಾಲ ಸಮೀಪಿಸಿದಾಗಲೆಲ್ಲಾ ನಮ್ಮ ಹಳ್ಳಿಯ ಸಭೆಗಳಲ್ಲಿ ಒಂದು ಪ್ರಶ್ನೆ ಏಳುವದುಂಟು. ಈಗ ಪದವಿಯಲ್ಲಿರುವವನು, ಅವನು ಪಂಚಾಯತಿಯ ಸದಸ್ಯನಾಗಲಿ ಶಾಸಕನಾಗಲಿ, ಅದೇ ಪದವಿಯನ್ನು ಮರಳಿ ಅಪೇಕ್ಷಿಸಿ ದೇವಾಲಯದ ಬಾಗಲಿಗೆ ಬರುತ್ತಾನೆ. ಆರಾಧನೆ ಮುಗಿದ ಮೇಲೆ ಎರಡು ಮಾತಾಡುವದಕ್ಕೆ ಅಪ್ಪಣೆ ಬೇಡುತ್ತಾನೆ. ಶ್ಮಶಾನಕ್ಕೆ ಕಟ್ಟಿಸಿಕೊಟ್ಟ ಸುತ್ತುಗೋಡೆಯನ್ನು ನೆನಪಿಗೆ ತರುತ್ತಾನೆ. ಕಡೆಗೆ, ಸಭೆಯವರೆಲ್ಲರೂ ತನ್ನ ಪಕ್ಷದವರೆಂದು ಸಭಾಪಾಲಕರ ರುಜುವಿರುವ ಒಂದು ಪತ್ರ ಬೇಕೆನ್ನುತ್ತಾನೆ. ಹಿರಿಯರಲ್ಲಿ ಕೆಲವರು, ಉಪಕಾರ ಮಾಡಿದವನಿಗೆ ಕೊಟ್ಟರೆ ತಪ್ಪೇನು ಅನ್ನುವರು. ಕೆಲವರು, ಕೊಡದಿದ್ದರೆ ನಾಳೆ ನಮ್ಮ ಗತಿಯೇನು ಎಂದು ಹೆದರುವರು. ಇಂಥ ಪತ್ರವನ್ನು ಕೊಡಬಹುದೋ ಎಂಬದನ್ನು ದೇವರ ವಾಕ್ಯದ ಬೆಳಕಿನಲ್ಲಿ ವಿಚಾರಿಸೋಣ.

ಮೊದಲು ಬೆಂಬಲದ ಮಾತು ಎಂದರೇನೆಂಬದನ್ನು ತಿಳಿಯಬೇಕು. ಅದು ಬರೀ ಮರ್ಯಾದೆಯ ಮಾತಲ್ಲ, ಹಬ್ಬದ ದಿನ ಹಾಕುವ ಹೂವಿನ ಹಾರವೂ ಅಲ್ಲ. ಅದು ಸಾಕ್ಷಿ. ಈ ಮನುಷ್ಯನು ಯೋಗ್ಯನು, ಇವನನ್ನು ನಾವು ಬಲ್ಲೆವು ಎಂದು ನೆರೆಯವರ ಮುಂದೆ ನಿಂತು ಹೇಳುವದೇ ಅದರ ಅರ್ಥ. ಹೀಗಿರಲಾಗಿ, ಸುಳ್ಳುಸಾಕ್ಷಿ ಹೇಳಬಾರದೆಂಬ ಆಜ್ಞೆಯು ನ್ಯಾಯಸ್ಥಾನದ ಕಟಕಟೆಗೆ ಎಷ್ಟು ಸಲ್ಲುವದೋ ಚುನಾವಣೆಯ ಪತ್ರಕ್ಕೂ ಅಷ್ಟೇ ಸಲ್ಲುವದು.

ಪದವಿಯಲ್ಲಿರುವವನ ವಿಷಯದಲ್ಲಿ ಈ ಸಾಕ್ಷಿಯು ಒಂದು ರೀತಿಯಲ್ಲಿ ಸುಲಭ, ಇನ್ನೊಂದು ರೀತಿಯಲ್ಲಿ ಬಹು ಕಠಿಣ. ಸುಲಭ ಯಾಕಂದರೆ ಅವನ ಕೆಲಸವು ನಮ್ಮ ಕಣ್ಣ ಮುಂದೆ ಇದೆ. ಹೊಸಬನ ವಿಷಯದಲ್ಲಿ ನಿರೀಕ್ಷೆ ಮಾತ್ರ ಇದೆ. ಕಠಿಣ ಯಾಕಂದರೆ ಅವನ ಕೈಯಲ್ಲಿ ಈಗಾಗಲೇ ಅಧಿಕಾರವಿದೆ. ಹೊಗಳಿದವರಿಗೆ ಕೊಡಲು ಅವನ ಬಳಿ ಏನೋ ಇದೆ; ಸುಮ್ಮನಿದ್ದವರನ್ನು ನೋಯಿಸಲು ಸಹ ಏನೋ ಇದೆ. ಆಶೆಯೂ ಭಯವೂ ಎರಡು ಕಡೆಯಲ್ಲಿ ನಿಂತು ನಾಲಿಗೆಯನ್ನು ಹಿಡಿದೆಳೆಯುವಾಗ ಸತ್ಯವನ್ನು ಹೇಳುವವರು ವಿರಳ.

ಅರಸನಾದ ಅಹಾಬನ ಕಾಲದಲ್ಲಿ ಹೀಗೇ ಆಯಿತು. ಅವನು ರಾಮೋತ್ ಗಿಲ್ಯಾದಿನ ಮೇಲೆ ಯುದ್ಧಕ್ಕೆ ಹೋಗಬೇಕೆಂದು ಮನಸ್ಸು ಮಾಡಿ, ಸುಮಾರು ನಾನೂರು ಮಂದಿ ಪ್ರವಾದಿಗಳನ್ನು ಕೂಡಿಸಿ ಕೇಳಿದನು. ಎಲ್ಲರೂ ಒಂದೇ ಬಾಯಿಂದ, ನಿನಗೆ ಜಯವಾಗುವದು ಅಂದರು. ಮೀಕಾಯೆಹುವನ್ನು ಕರೆಯಹೋದ ದೂತನು ದಾರಿಯಲ್ಲಿ ಅವನಿಗೆ, ನೀನೂ ಅವರಂತೆಯೇ ಮಾತಾಡು ಎಂದು ಬುದ್ಧಿ ಹೇಳಿದನು. ಆದರೆ ಮೀಕಾಯೆಹು ದೇವರು ತಿಳಿಸಿದ್ದನ್ನೇ ನುಡಿದು ಸೆರೆಮನೆಗೆ ಹೋದನು. ಅಹಾಬನು ಯುದ್ಧಕ್ಕೆ ಹೋಗಿ ಅದೇ ದಿನ ಸಾಯಂಕಾಲ ತನ್ನ ರಥದಲ್ಲಿ ಸತ್ತನು. ಇದರಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ಆ ನಾನೂರು ಮಂದಿ ಅರಸನಿಗೆ ಮಿತ್ರರಂತೆ ಕಂಡರೂ ಅವರ ಬೆಂಬಲವೇ ಅವನಿಗೆ ಮರಣವಾಯಿತು. ಅವನಿಗೆ ನಿಜವಾದ ಹಿತವನ್ನು ಬಯಸಿದವನು ಬೆಂಬಲ ಕೊಡದ ಆ ಒಬ್ಬನೇ.

ಇದು ಪೂರ್ವಕಾಲದ ಕಥೆಯೆಂದು ಯಾರೂ ನೆನಸಬಾರದು. ನಮ್ಮ ದೇಶದ ರಾಷ್ಟ್ರಪತಿಯನ್ನು ನಾವು ನೇರವಾಗಿ ಚುನಾಯಿಸುವದಿಲ್ಲ. ಲೋಕಸಭೆ, ರಾಜ್ಯಸಭೆ ಮತ್ತು ವಿಧಾನಸಭೆಗಳ ಚುನಾಯಿತ ಸದಸ್ಯರು ಗುಪ್ತಮತದಿಂದ ಆರಿಸುತ್ತಾರೆ. ಆ ಪದವಿಯಲ್ಲಿದ್ದು ಎರಡನೆಯ ಸಾರಿಯೂ ಚುನಾಯಿತರಾದವರು ಈ ವರೆಗೆ ಬಾಬು ರಾಜೇಂದ್ರಪ್ರಸಾದರೊಬ್ಬರೇ. 1957ರಲ್ಲಿ ಆಳುವ ಪಕ್ಷದ ಬೆಂಬಲ ಅವರಿಗೆ ದೊರೆತದ್ದರಿಂದ ಅವರಿಗೆ 4,59,698 ಮತಮೌಲ್ಯ ಬಂದಿತು. ಎದುರಾಳಿಗಳಿಬ್ಬರಲ್ಲಿ ಯಾರಿಗೂ ಮೂರು ಸಾವಿರವೂ ಮುಟ್ಟಲಿಲ್ಲ. ಮೇಲಿನವರ ಒಂದು ಮಾತಿಗೆ ಎಷ್ಟು ತೂಕವಿದೆಯೆಂಬದು ಇದರಿಂದ ತಿಳಿಯುವದು.

ಆದರೆ ಹನ್ನೆರಡು ವರುಷಗಳ ತರುವಾಯ ಅಂಥ ಮಾತೇ ಎರಡಾಗಿ ಸೀಳಿತು. ನಾವು ಇದನ್ನು ಬರೆಯುವದು ಬೆಂಗಳೂರಿನ ಪಶ್ಚಿಮದಲ್ಲಿರುವ ನಂದಿನಿ ಲೇಔಟಿನಿಂದ; ಆ ಬಿರುಕು ಕಾಣಿಸಿಕೊಂಡದ್ದು ಇದೇ ಪಟ್ಟಣದಲ್ಲಿ. 1969ರ ಮೇ 3ರಂದು ರಾಷ್ಟ್ರಪತಿ ಝಾಕಿರ್ ಹುಸೇನರು ತೀರಿಕೊಂಡರು. ಉಪರಾಷ್ಟ್ರಪತಿಯಾಗಿದ್ದ ವಿ. ವಿ. ಗಿರಿಯವರು, ಹಿಂದೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿದ್ದವರು, ಆ ಸ್ಥಾನವನ್ನು ವಹಿಸಿಕೊಂಡರು. ಜುಲೈ ತಿಂಗಳಲ್ಲಿ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಕಾಂಗ್ರೆಸ್ ಸಮಿತಿಯ ಅಧಿವೇಶನ ಕೂಡಿತು. ಆಗ ಪಕ್ಷದ ಅಧ್ಯಕ್ಷರು ನಮ್ಮ ನಾಡಿನವರೇ ಆದ ಎಸ್. ನಿಜಲಿಂಗಪ್ಪನವರು. ಪ್ರಧಾನಮಂತ್ರಿ ಇಂದಿರಾ ಗಾಂಧಿಯವರ ಇಷ್ಟಕ್ಕೆ ವಿರೋಧವಾಗಿ ಪಕ್ಷದ ಮಂಡಳಿಯು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಜುಲೈ 20ರಂದು ಗಿರಿಯವರು ತಾವು ಕೂತಿದ್ದ ಸ್ಥಾನವನ್ನು ಬಿಟ್ಟುಕೊಟ್ಟು ಸ್ವತಂತ್ರರಾಗಿ ನಿಂತರು.

ಪ್ರಧಾನಮಂತ್ರಿಯವರು ರೆಡ್ಡಿಯವರ ನಾಮಪತ್ರಕ್ಕೆ ಸಹಿ ಹಾಕಿದ್ದರು. ಆದರೆ ಪಕ್ಷದ ಅಧ್ಯಕ್ಷರು ಬೇರೆ ಪಕ್ಷಗಳವರ ಎರಡನೆಯ ಆಯ್ಕೆಯ ಮತಗಳನ್ನು ಬೇಡಿದ ಬಳಿಕ, ಸದಸ್ಯರು ಆತ್ಮಸಾಕ್ಷಿಯಂತೆ ಮತ ಕೊಡಲಿ ಎಂಬ ಕರೆ ಆಕೆಯ ಕಡೆಯಿಂದ ಹೊರಟಿತು. ಆಗಸ್ಟ್ 16ರಂದು ಮತದಾನವಾಯಿತು. ಮೊದಲ ಎಣಿಕೆಯಲ್ಲಿ ಯಾರಿಗೂ ಬೇಕಾದಷ್ಟು ಮತ ಬರಲಿಲ್ಲ; ಎರಡನೆಯ ಆಯ್ಕೆಯ ಮತಗಳನ್ನು ಕೂಡಿಸಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427 ಮತಮೌಲ್ಯ ಆಯಿತು. ಅದೇ ನವೆಂಬರಿನಲ್ಲಿ ಪಕ್ಷವೇ ಒಡೆದು ಎರಡಾಯಿತು.

ಇವರಲ್ಲಿ ಯಾರು ಸರಿ ಯಾರು ತಪ್ಪು ಎಂದು ತೀರ್ಪು ಮಾಡುವದು ನಮ್ಮ ಕೆಲಸವಲ್ಲ. ಆದರೂ ನಾವು ಕಲಿಯತಕ್ಕದ್ದು ಇದರಲ್ಲಿದೆ. ಮನಸ್ಸಿಲ್ಲದೆ ಹಾಕಿದ ಸಹಿ ನಿಲ್ಲುವದಿಲ್ಲ. ಆದಕಾರಣ ಮನಸ್ಸಿಲ್ಲದಿದ್ದರೆ ಸಹಿ ಹಾಕಬಾರದು. ಇನ್ನು ಆತ್ಮಸಾಕ್ಷಿ ಎಂಬ ಮಾತಾದರೋ ಪವಿತ್ರವಾದದ್ದು. ಆದರೆ ಅದು ಮೇಲಿನವರು ಕಳುಹಿಸುವ ಸುತ್ತೋಲೆಯಲ್ಲ. ಪಕ್ಷದ ಅಪ್ಪಣೆಗೆ ಹೆದರಿ ಒಂದು ಕಡೆಗೆ ಮತ ಕೊಟ್ಟವನೂ, ಅಧಿಕಾರಸ್ಥರ ಮುಖವನ್ನು ನೋಡಿ ಇನ್ನೊಂದು ಕಡೆಗೆ ಕೊಟ್ಟು ಅದನ್ನು ಆತ್ಮಸಾಕ್ಷಿಯೆಂದವನೂ ದೇವರ ಮುಂದೆ ಒಂದೇ. ಆ ಬೀಗವನ್ನು ಒಳಗಿನಿಂದಲೇ ತೆರೆಯಬೇಕು. ಹೊರಗಿನವರ ಕೈಯಲ್ಲಿ ಅದರ ಕೀಲಿಕೈ ಇಲ್ಲ.

ಈಗ ಸಭಾಪಾಲಕರ ಪತ್ರಕ್ಕೆ ಬರೋಣ. ಸಭೆಯವರೆಲ್ಲರೂ ನಿಮ್ಮವರೇ ಎಂದು ಅದರಲ್ಲಿ ಬರೆದಿದೆ. ಸಭಾಪಾಲಕರು ಇದನ್ನು ಹೇಗೆ ಬಲ್ಲರು? ಮತವು ಗುಪ್ತವಾದದ್ದು. ಕೂಲಿಯ ವಿಧವೆ ಮರೆಯ ಹಿಂದೆ ನಿಂತು ಯಾವ ಗುಂಡಿಯನ್ನು ಒತ್ತಿದಳೆಂಬದನ್ನು ಅವಳೂ ದೇವರೂ ಮಾತ್ರ ಬಲ್ಲರು. ತಾನು ಅರಿಯದ್ದನ್ನು ಅರಿತೆನೆಂದು ಬರೆಯುವದು ಸುಳ್ಳುಸಾಕ್ಷಿಯಲ್ಲದೆ ಇನ್ನೇನು? ಆ ಅಭ್ಯರ್ಥಿಯು ಎಷ್ಟೇ ಒಳ್ಳೆಯವನಾಗಿದ್ದರೂ ಆ ಪತ್ರ ಸುಳ್ಳೇ. ಅದಲ್ಲದೆ, ಊರಿನ ಎದುರಿನಲ್ಲಿ ಯಾವ ಮಾತಿಗೂ ಸ್ವತಂತ್ರಳಲ್ಲದ ಆ ವಿಧವೆಗೆ ರಾಜ್ಯವು ಒಂದು ಸ್ವತಂತ್ರವಾದ ಮಾತನ್ನು ಕೊಟ್ಟಿದೆ. ಅದನ್ನೂ ಅವಳನ್ನು ಕೇಳದೆ ಕೊಟ್ಟುಬಿಡುವ ಕುರುಬನು ಕುರಿಗಳನ್ನು ಮೇಯಿಸುವವನಲ್ಲ, ಎಣಿಸಿ ಮಾರುವವನು.

ದೇಶದ ಕಾನೂನು ಸಹ ಇದನ್ನು ನೋಡಿಕೊಂಡಿದೆ. 1951ರ ಪ್ರಜಾಪ್ರತಿನಿಧಿತ್ವ ಕಾಯಿದೆಯಂತೆ, ಇಂಥವನಿಗೆ ಮತ ಕೊಡದಿದ್ದರೆ ದೇವರ ಕೋಪಕ್ಕೆ ಗುರಿಯಾಗುವಿ ಎಂದು ಅಭ್ಯರ್ಥಿಯಾಗಲಿ ಅವನ ಕಡೆಯವರಾಗಲಿ ಮತದಾರನನ್ನು ನಂಬಿಸುವದು ಭ್ರಷ್ಟಾಚಾರ. ಧರ್ಮದ ಹೆಸರಿನಲ್ಲಿ ಮತ ಕೇಳುವದೂ ಹಾಗೆಯೇ. ಮತದಾರನ ಧರ್ಮವನ್ನು ಎತ್ತಿ ಕೇಳಿದರೂ ತಪ್ಪೇ ಎಂದು 2017ರ ಜನವರಿ 2ರಂದು ಸುಪ್ರೀಮ್ ಕೋರ್ಟಿನ ಏಳು ನ್ಯಾಯಾಧೀಶರಲ್ಲಿ ನಾಲ್ವರು ತೀರ್ಪಿತ್ತರು. ಆರಾಧನೆಯ ಸ್ಥಳವನ್ನು ರಾಜಕೀಯ ಕಾರ್ಯಕ್ಕೆ ಬಳಸಬಾರದೆಂದು 1988ರ ಕಾಯಿದೆಯೂ ಇದೆ. ಆದರೆ ನಾವು ಪತ್ರ ಕೊಡದಿರುವದು ಶಿಕ್ಷೆಯ ಭಯದಿಂದಲ್ಲ, ಸತ್ಯದ ನಿಮಿತ್ತವಾಗಿರಲಿ.

ಒಬ್ಬನು ಹೀಗೆ ಕೇಳಬಹುದು: ಉಪಕಾರಕ್ಕೆ ಕೃತಜ್ಞತೆ ಬೇಡವೋ? ಖಂಡಿತವಾಗಿ ಬೇಕು. ಸುತ್ತುಗೋಡೆ ಕಟ್ಟಿಸಿದ್ದರೆ, ಕಟ್ಟಿಸಿದ್ದೀರಿ, ವಂದನೆ ಎಂದು ಎಲ್ಲರ ಮುಂದೆ ಹೇಳೋಣ. ಅದು ಸತ್ಯವಾದ ಸಾಕ್ಷಿ. ಆದರೆ ಆ ಗೋಡೆಯು ಕಟ್ಟಲ್ಪಟ್ಟದ್ದು ಸಾರ್ವಜನಿಕರ ಹಣದಿಂದಾದರೆ ಅದು ದಾನವಲ್ಲ, ಕರ್ತವ್ಯ. ದಾನವೇ ಆಗಿದ್ದರೂ ಅದಕ್ಕೆ ಮತವನ್ನು ಬೆಲೆಯಾಗಿ ಕೊಟ್ಟರೆ ಅದು ವ್ಯಾಪಾರವಾಯಿತು.

ಇನ್ನೊಬ್ಬನು, ನಾವು ಸ್ವಲ್ಪ ಮಂದಿ, ಬಲವಂತನನ್ನು ಎದುರುಹಾಕಿಕೊಂಡು ಬಾಳುವದು ಹೇಗೆ ಅಂದಾನು. ಈ ಭಯವನ್ನು ನಾವು ಹಗುರವಾಗಿ ಎಣಿಸುವದಿಲ್ಲ. ಒಂದು ಕೊಳವೆಬಾವಿಯ ಅಪ್ಪಣೆಗೂ ಅವನ ಬಾಗಲಲ್ಲಿ ಕಾಯಬೇಕಾದವರಿಗೆ ಅದರ ಭಾರ ಗೊತ್ತು. ಆದರೆ ಈ ಸಾರಿ ಇವನಿಗೆ ಪತ್ರ ಕೊಟ್ಟ ಸಭೆಯು ಇವನು ಸೋತರೆ ಗೆದ್ದವನಿಗೆ ವೈರಿಯಾಗಿ ನಿಲ್ಲುವದು. ಯಾರಿಗೂ ಪತ್ರ ಕೊಡದೆ, ಅಧಿಕಾರದಲ್ಲಿರುವ ಎಲ್ಲರಿಗೋಸ್ಕರವೂ ಪ್ರಾರ್ಥಿಸುವ ಸಭೆಯ ಮೇಲೆ ಆ ಅಪವಾದ ಬರಲಾರದು.

ಹಾಗಾದರೆ ಸಭೆಯು ಮೂಕವಾಗಿರಬೇಕೋ? ಹಾಗಲ್ಲ. ಸಮುವೇಲನನ್ನು ನೋಡಿರಿ. ಅವನು ಮುದುಕನಾಗಿ ಜನರ ಮುಂದೆ ನಿಂತು ಹೊಗಳಿಕೆಯನ್ನು ಕೇಳಲಿಲ್ಲ. ನಾನು ಯಾರ ಎತ್ತನ್ನಾದರೂ ತೆಗೆದುಕೊಂಡೆನೋ, ಯಾರಿಂದಲಾದರೂ ಲಂಚ ಹಿಡಿದೆನೋ, ತಪ್ಪಿದ್ದರೆ ತೋರಿಸಿರಿ ಎಂದು ಕೇಳಿದನು. ಪದವಿಯಲ್ಲಿರುವವನು ನಮ್ಮ ಬಳಿಗೆ ಬಂದಾಗ ನಾವೂ ಅದೇ ಪ್ರಶ್ನೆಗಳನ್ನು ವಿನಯದಿಂದ ಕೇಳೋಣ. ಕೊಟ್ಟ ಮಾತು ಏನಾಯಿತು? ಬಡವನ ಅರ್ಜಿಗೆ ಹಣ ಹಿಡಿದದ್ದುಂಟೋ? ಕೇರಿಯ ನೀರು ಯಾಕೆ ನಿಂತಿತು? ಹಾಗೆ ಕೇಳಿಸಿಕೊಂಡು ಸಿಟ್ಟಾಗದವನು ಮರಳಿ ಪದವಿಗೆ ಯೋಗ್ಯನಿರಬಹುದು. ಆದರೆ ಆ ನಿರ್ಣಯವನ್ನು ಸಹ ಒಬ್ಬೊಬ್ಬನು ತನ್ನ ಮನೆಯಲ್ಲಿ ಮೊಣಕಾಲೂರಿ ತಾನೇ ಮಾಡಲಿ.

ಪ್ರಿಯರೇ, ನಮ್ಮಲ್ಲಿ ಹಣವಿಲ್ಲ, ಸಂಖ್ಯೆಯೂ ಇಲ್ಲ. ಕ್ರೈಸ್ತನು ಹೇಳಿದರೆ ನಿಜ ಎಂಬ ಹೆಸರೊಂದು ಅನೇಕ ಊರುಗಳಲ್ಲಿ ನಮ್ಮ ಹಿರಿಯರಿಂದ ನಮಗೆ ಬಂದಿದೆ. ಒಂದು ಪತ್ರಕ್ಕೋಸ್ಕರ ಅದನ್ನು ಕಳೆದುಕೊಂಡರೆ ಯಾವ ಅಭ್ಯರ್ಥಿಯು ಗೆದ್ದರೂ ಅದನ್ನು ನಮಗೆ ತಿರುಗಿ ಕೊಡಿಸಲಾರನು. ಸತ್ಯವಂತನಾದ ಕರ್ತನು ನಮ್ಮ ನಾಲಿಗೆಯನ್ನೂ ನಮ್ಮ ರುಜುವನ್ನೂ ಕಾಯಲಿ.