ಇಸಾಕನ ಬಾವಿಗಳೂ ನಮ್ಮ ಹೊಲದ ನೀರೂ

ಓದತಕ್ಕ ಭಾಗಗಳು: ಆದಿಕಾಂಡ 26:12-33, ವಿಮೋಚನಕಾಂಡ 2:15-20



ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕು ಸೀಮೆಗಳ ಹಳ್ಳಿಗಳಲ್ಲಿ ವಾಸಿಸುವ ನಾವು ಆಕಾಶವನ್ನು ನೋಡಿ ಬಿತ್ತುವವರು. ಆದದರಿಂದ ಸತ್ಯವೇದದಲ್ಲಿ ಬಾವಿಯ ಮಾತು ಬಂದಲ್ಲಿ ಕಿವಿಗೊಡದೆ ಇರಲಾರೆವು. ಪಟ್ಟಣದವರು ಆದಿಕಾಂಡದ 26ನೇ ಅಧ್ಯಾಯವನ್ನು ಬೇಗನೆ ಓದಿ ದಾಟಿಹೋಗುವರು. ಅದರಲ್ಲಿ ಯುದ್ಧವಿಲ್ಲ, ಸಮುದ್ರವು ಇಬ್ಭಾಗವಾದದ್ದಿಲ್ಲ. ಬಾವಿ ತೋಡಿದ್ದೂ ಬಾವಿಗೋಸ್ಕರ ಜಗಳವಾಡಿದ್ದೂ ಅಷ್ಟೇ. ಆದರೆ 2023ನೇ ಇಸವಿಯಲ್ಲಿ ಮುಂಗಾರು ತಪ್ಪಿ, ರಾಜ್ಯದ 236 ತಾಲೂಕುಗಳಲ್ಲಿ 223 ತಾಲೂಕುಗಳು ಬರಪೀಡಿತವೆಂದು ಸರಕಾರವು ಸಾರಿದಾಗ, ಬಾಡಿದ ಗೋವಿನಜೋಳದ ನಡುವೆ ನಿಂತು ಮೋಡವನ್ನು ಹುಡುಕಿದವರಿಗೆ ಈ ಅಧ್ಯಾಯವು ತಮ್ಮ ಮನೆಯ ಕಥೆಯಂತೆಯೇ ತೋರುವದು.

ಯಾಕಂದರೆ ಅದು ಬರಗಾಲದಿಂದಲೇ ಆರಂಭವಾಗುತ್ತದೆ. ಇಸಾಕನು ಐಗುಪ್ತದೇಶಕ್ಕೆ ಇಳಿದುಹೋಗದೆ, ದೇವರ ಅಪ್ಪಣೆಯಂತೆ ಗೆರಾರಿನಲ್ಲಿಯೇ ನಿಂತು ಬಿತ್ತಿದನು; ಒಂದಕ್ಕೆ ನೂರರಷ್ಟು ಬೆಳೆ ಬಂತು. ಆಗ ನೆರೆಯವರಾದ ಫಿಲಿಷ್ಟಿಯರು ಏನು ಮಾಡಿದರು? ಅವನ ಪೈರನ್ನು ಕೊಯ್ಯಲಿಲ್ಲ, ಕುರಿಗಳನ್ನು ಕದಿಯಲಿಲ್ಲ. ಅವನ ತಂದೆಯಾದ ಅಬ್ರಹಾಮನ ಕಾಲದಲ್ಲಿ ತೋಡಿದ್ದ ಬಾವಿಗಳನ್ನು ಮಣ್ಣು ಹಾಕಿ ಮುಚ್ಚಿಬಿಟ್ಟರು. ನೀರು ಅಪರೂಪವಾದ ದೇಶದಲ್ಲಿ ಬಾವಿಯನ್ನು ಮುಚ್ಚಿದರೆ ಮುಚ್ಚಿದವನ ದನಗಳೂ ಬಾಯಾರಬೇಕಲ್ಲವೇ! ಆದರೂ ಮುಚ್ಚಿದರು. ನನಗೆ ಇಲ್ಲದಿದ್ದರೂ ಚಿಂತೆಯಿಲ್ಲ, ಅವನಿಗೆ ಇರಬಾರದು ಎಂಬುವದೇ ಹೊಟ್ಟೆಕಿಚ್ಚಿನ ಲೆಕ್ಕವಾಗಿದೆ. ಈ ಲೆಕ್ಕವನ್ನು ನಮ್ಮ ಊರುಗಳಲ್ಲಿ ಯಾರೂ ಕಲಿಸಬೇಕಾಗಿಲ್ಲ.

ಅರಸನು ಅವನನ್ನು ತನ್ನ ಬಳಿಯಿಂದ ಹೊರಟುಹೋಗೆಂದು ಹೇಳಿದಾಗ ಇಸಾಕನು ಗೆರಾರಿನ ತಗ್ಗಿಗೆ ಹೋಗಿ ಗುಡಾರ ಹಾಕಿಕೊಂಡನು. ಅಲ್ಲಿ ಅವನು ಮೊದಲು ಮಾಡಿದ ಕೆಲಸವು ಹೊಸ ಬಾವಿಯನ್ನು ತೋಡುವದಲ್ಲ. ಹೂಳಿಹೋಗಿದ್ದ ಹಳೆಯವುಗಳ ಮಣ್ಣನ್ನು ತೆಗೆಸಿ, ತಂದೆಯು ಇಟ್ಟಿದ್ದ ಹೆಸರುಗಳನ್ನೇ ಅವುಗಳಿಗೆ ತಿರಿಗಿ ಇಟ್ಟದ್ದು. ಈ ಸೀಮೆಯಲ್ಲಿ ಹಿರಿಯರು ನಮಗಾಗಿ ಬಿಟ್ಟುಹೋದ ಕೆರೆಗಳು ಎಷ್ಟು! ಹಾನಗಲ್ಲಿನ ಆನಿಕೆರೆಯಿದೆ. ಮಾಸೂರಿನ ಬಳಿಯಲ್ಲಿ ವಿಜಯನಗರದ ಕಾಲದವರು ಕುಮುದ್ವತಿಯ ನೀರನ್ನು ಗುಡ್ಡಗಳ ನಡುವೆ ಒಡ್ಡು ಹಾಕಿ ನಿಲ್ಲಿಸಿದ ಮದಗದ ಕೆರೆಯಿದೆ; ಆ ಮಹಾ ಕೆರೆಯು ಒಡೆದುಹೋಗಿ ಈಗ ಉಳಿದಿರುವದು ಅದರ ಸಣ್ಣ ಪಾಲು. ಊರೂರಿನಲ್ಲಿರುವ ಹೆಸರಿಲ್ಲದ ಕಟ್ಟೆಗಳನ್ನು ಎಣಿಸುವವರು ಯಾರು? ಅವುಗಳನ್ನು ಕಟ್ಟಿಸಿದವರು ನಮ್ಮ ಸಭೆಯವರಲ್ಲ, ನಾವು ಯಾಕೆ ಹೂಳೆತ್ತಬೇಕೆಂದು ಕೆಲವರು ಹೇಳುವದುಂಟು. ಆದರೆ ಅವುಗಳ ನೀರನ್ನು ಕುಡಿದು ಬೆಳೆದಾಗ ಆ ಪ್ರಶ್ನೆಯನ್ನು ಕೇಳಿದೆವೋ? ಊರವರು ಹಾರೆ ಬುಟ್ಟಿಗಳನ್ನು ಹಿಡಿದು ಕೆರೆಗೆ ಇಳಿಯುವ ದಿವಸ ಕ್ರೈಸ್ತರ ಓಣಿಯವರು ಮನೆಯಲ್ಲಿ ಕೂತಿರುವದು ನಮಗೆ ಶೋಭಿಸದು.

ಇನ್ನು ಜಗಳದ ಮಾತಿಗೆ ಬರುವೆವು. ಇಸಾಕನ ಆಳುಗಳು ತಗ್ಗಿನಲ್ಲಿ ತೋಡಿದಾಗ ಉಕ್ಕುವ ನೀರಿನ ಒರತೆ ಸಿಕ್ಕಿತು. ಕೂಡಲೇ ಗೆರಾರಿನ ಕುರುಬರು, ಈ ನೀರು ನಮ್ಮದೇ ಎಂದರು. ಅವನು ಅದಕ್ಕೆ ಏಸೆಕ್, ಅಂದರೆ ಜಗಳ ಎಂದು ಹೆಸರಿಟ್ಟು ಬಿಟ್ಟುಕೊಟ್ಟನು. ಇನ್ನೊಂದು ತೋಡಿದರು, ಅದಕ್ಕೂ ತಕರಾರು. ಅದರ ಹೆಸರು ಸಿಟ್ನಾ, ಅಂದರೆ ಹಗೆ. ಮೂರನೆಯದಕ್ಕೆ ಯಾರೂ ಬರಲಿಲ್ಲವಾದದರಿಂದ ಅದು ರೆಹೋಬೋತ್, ವಿಶಾಲಸ್ಥಳವಾಯಿತು.

ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲವು ಪಾಲಾಗುತ್ತದೆ, ಎತ್ತುಗಳು ಪಾಲಾಗುತ್ತವೆ, ತಾಮ್ರದ ಹಂಡೆಯೂ ಪಾಲಾಗುತ್ತದೆ. ಬಾವಿ ಮಾತ್ರ ಪಾಲಾಗದು. ಅದಕ್ಕೆ ಪಾಳಿ ಇಡುತ್ತಾರೆ. ಒಬ್ಬನ ಪಾಳಿಯಲ್ಲಿ ವಿದ್ಯುತ್ತು ಹೋಗುವದು, ಇನ್ನೊಬ್ಬನ ಪಾಳಿಯಲ್ಲಿ ಬರುವದು. ಅಲ್ಲಿಂದ ಮಾತಿಗೆ ಮಾತು ಬೆಳೆಯುವದು. ಕಡೆಗೆ ಕರ್ತನ ಭೋಜನದ ಭಾನುವಾರದಲ್ಲಿ ಒಬ್ಬನು ದೇವಾಲಯದ ಒಳಗೆ ಬಂದರೆ ಇನ್ನೊಬ್ಬನು ಹೊರಗೆ ಉಳಿಯುವನು. ಒಂದೇ ತಾಯಿಯ ಎದೆಹಾಲು ಕುಡಿದವರು ಒಂದೇ ಬಾವಿಯ ನೀರು ಕುಡಿಯಲಾರದೆ ಹೋದದ್ದನ್ನು ನಾವು ನೋಡಲಿಲ್ಲವೇ? ಪಾಳಿಯ ಎರಡು ತಾಸು ನೀರಿಗೋಸ್ಕರ ತಮ್ಮನನ್ನು ಕಳಕೊಂಡವನು ಏನನ್ನು ಗಳಿಸಿದನು?

ಗೆರಾರಿನ ಕುರುಬರು ಜಗಳವಾಡಿದರೂ ಎದುರಿಗೆ ಬಂದು ಆಡಿದರು. ಈಗಿನ ಜಗಳವು ಕಣ್ಣಿಗೆ ಕಾಣದು. ಒಬ್ಬನು 300 ಅಡಿ ಕೊಳವೆಬಾವಿ ಕೊರಿಸಿದರೆ ಪಕ್ಕದ ಹೊಲದವನು 500 ಅಡಿ ಕೊರಿಸುವನು. ನೆಲದ ಕೆಳಗಿನ ನೀರು ಬದುವಿನ ಕಲ್ಲನ್ನು ಅರಿಯದು. ಆಳವಾದ ಬಾವಿಯ ಕಡೆಗೆ ಅದು ಇಳಿದುಹೋಗುವದರಿಂದ ಮೇಲಿನ ಬಾವಿಯು ಬತ್ತುವದು. ನೆರೆಯವನನ್ನು ಬೈಯದೆ, ಅವನ ಬದುವನ್ನು ದಾಟದೆ, ನಾವು ಭಾನುವಾರ ಕೀರ್ತನೆ ಹಾಡುತ್ತಿರುವಾಗಲೇ ಅವನ ಎಲೆಬಳ್ಳಿಯ ತೋಟವು ನಮ್ಮಿಂದ ಒಣಗಿಹೋಗಬಹುದು. ಕಬ್ಬು ಇಡುವದೋ ಜೋಳ ಬಿತ್ತುವದೋ ಎಂದು ಎಣಿಸುವಾಗ ಬದುವಿನ ಆಚೆಯವನ ಮನೆಯಲ್ಲಿ ಕುಡಿಯುವ ನೀರಿಗೆ ಏನಾಗುವದೆಂದು ನಾವು ಪ್ರಾರ್ಥನೆಯಲ್ಲಿ ಕೇಳಿಕೊಂಡದ್ದುಂಟೋ? ಮತ್ತೂ ಒಂದು ಮಾತು. ನೀರು ಬಾರದ ಕೊಳವೆಬಾವಿಯ ಬಾಯನ್ನು ಮುಚ್ಚದೆ ಬಿಡುವದು ಪಾಪವೇ ಸರಿ. ಗುಂಡಿಯನ್ನು ತೆರೆದಿಟ್ಟವನು ಅದರಲ್ಲಿ ಬಿದ್ದು ಸತ್ತ ಎತ್ತಿಗೆ ಈಡು ಕೊಡಬೇಕೆಂದು ವಿಮೋಚನಕಾಂಡದ 21ನೇ ಅಧ್ಯಾಯವು ವಿಧಿಸುತ್ತದೆ. 2024ನೇ ಇಸವಿಯ ಏಪ್ರಿಲಿನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಎರಡು ವರುಷದೊಳಗಿನ ಒಂದು ಕೂಸು ಅಂಥಾ ಬಾವಿಯೊಳಗೆ ಜಾರಿಬಿದ್ದು ಸುಮಾರು 20 ತಾಸು ಅದರಲ್ಲಿದ್ದು ಜೀವಸಹಿತ ಹೊರಗೆ ಬಂತು. ದೇವರಿಗೆ ಸ್ತೋತ್ರ! ಆದರೆ ಎಲ್ಲಾ ಕೂಸುಗಳೂ ಹಾಗೆ ಬಂದದ್ದಿಲ್ಲ.

ಇಸಾಕನ ಸಹನೆಯನ್ನು ಬೋಧಿಸುವಾಗ ನಾವು ಬಹು ಎಚ್ಚರದಿಂದಿರಬೇಕು. ನಮ್ಮ ಸಭೆಗಳಲ್ಲಿ ಅನೇಕರ ಅಜ್ಜ ಅಜ್ಜಿಯರು ಊರ ಬಾವಿಯ ಕಟ್ಟೆಯನ್ನು ಹತ್ತಲಾರದೆ, ಬೊಗಸೆಯೊಡ್ಡಿಯೂ ಕೊಡವನ್ನು ದೂರದಲ್ಲಿಟ್ಟೂ, ಯಾರಾದರೂ ಕನಿಕರಪಟ್ಟು ನೀರು ಹೊಯ್ಯುವ ತನಕ ಬಿಸಿಲಿನಲ್ಲಿ ಕಾದವರು. ಅಂಥವರಿಗೆ, ಬಿಟ್ಟುಕೊಟ್ಟು ಮುಂದಕ್ಕೆ ಹೋಗಿರಿ ಎಂದು ಹೇಳುವದು ಸುವಾರ್ತೆಯಾಗಲಾರದು. ಇಸಾಕನು ಧನಿಕನು, ಒಂದನ್ನು ಬಿಟ್ಟರೆ ಇನ್ನೊಂದನ್ನು ತೋಡುವದಕ್ಕೆ ಅವನಿಗೆ ಆಳುಗಳಿದ್ದರು. ಎರಡನೆಯ ಬಾವಿ ಇಲ್ಲದವನಿಗೆ ಸತ್ಯವೇದವು ಬೇರೊಂದು ಬಾವಿಯನ್ನು ತೋರಿಸುತ್ತದೆ. ಮಿದ್ಯಾನ್ ದೇಶದಲ್ಲಿ ಯಾಜಕನ ಏಳು ಮಂದಿ ಹೆಣ್ಣುಮಕ್ಕಳು ನೀರು ಸೇದಿ ದೋಣಿಗಳನ್ನು ತುಂಬಿಸಿದಾಗ ಕುರುಬರು ಬಂದು ಅವರನ್ನು ಓಡಿಸಿದರು. ಬಾವಿಯ ಬಳಿಯಲ್ಲಿ ಕೂತಿದ್ದ ಮೋಶೆಯು ಪರದೇಶಿಯು, ಅರಸನ ಭಯದಿಂದ ತಲೆತಪ್ಪಿಸಿಕೊಂಡು ಬಂದವನು. ಸುಮ್ಮನೆ ಇರುವದೇ ಅವನಿಗೆ ಕ್ಷೇಮವಾಗಿತ್ತು. ಆದರೂ ಎದ್ದನು, ಅವರ ಪಕ್ಷ ಹಿಡಿದನು, ತಾನೇ ಅವರ ಕುರಿಗಳಿಗೆ ನೀರು ಕುಡಿಸಿದನು. ತನ್ನ ಪಾಲನ್ನು ಬಿಡುವಾಗ ಇಸಾಕನಂತೆ ಬಿಡಬೇಕು. ಬಲಹೀನರ ಪಾಲನ್ನು ಕಸಕೊಳ್ಳುವಾಗ ಮೋಶೆಯಂತೆ ಎದ್ದೇಳಬೇಕು. ನಾವಾದರೋ ಬಹಳ ಸಾರಿ ತಿರುವುಮುರುವಾಗಿ ಮಾಡುತ್ತೇವೆ: ನಮ್ಮ ಒಂದು ಗೇಣು ಕಾಲುವೆಗಾಗಿ ಕೋರ್ಟಿನ ಮೆಟ್ಟಲು ಹತ್ತುತ್ತೇವೆ, ವಿಧವೆಯ ನಲ್ಲಿಯನ್ನು ಯಾರೋ ಕಿತ್ತರೆ ನಮಗೇಕೆ ಅನ್ನುತ್ತೇವೆ.

1927ನೇ ಮಾರ್ಚಿ 20ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡಿನ ಚವದಾರ ಕೆರೆಗೆ ಇಳಿದು ಬೊಗಸೆಯಿಂದ ನೀರು ಕುಡಿದರು. 1950ನೇ ಜನವರಿ 26ರಿಂದ ನಡೆಯುತ್ತಿರುವ ಸಂವಿಧಾನದ 15ನೇ ವಿಧಿಯು ಸಾರ್ವಜನಿಕ ಬಾವಿ ಕೆರೆಗಳಿಂದ ಜಾತಿಯ ನಿಮಿತ್ತ ಯಾರನ್ನೂ ತಡೆಯಕೂಡದೆಂದು ಹೇಳುತ್ತದೆ. ಅದಕ್ಕೂ ಎಷ್ಟೋ ಶತಮಾನಗಳ ಮುಂಚೆ, ಯೆಹೂದ್ಯರು ಹೊಕ್ಕುಬಳಕೆ ಮಾಡದ ಸಮಾರ್ಯದ ಒಬ್ಬ ಹೆಂಗಸಿನ ಕೊಡದಿಂದ ನಮ್ಮ ಕರ್ತನು ಯಾಕೋಬನ ಬಾವಿಯ ಬಳಿಯಲ್ಲಿ ನೀರು ಬೇಡಿದನು. ಆಕೆಯೇ ಬೆರಗಾದಳು. ಹೀಗಿರಲಾಗಿ ನಮ್ಮ ದೇವಾಲಯದ ಅಂಗಳದಲ್ಲಿರುವ ನೀರಿನ ಕೊಳಾಯಿಗೆ ಓಣಿಯ ಬೇರೆಯವರು ಕೊಡ ಹಿಡಿದು ಬಂದರೆ ಗೇಟಿಗೆ ಬೀಗ ಹಾಕುವದು ಹೇಗೆ? ಕಾದು ನಿಂತವರ ಮೊಮ್ಮಕ್ಕಳು ಇತರರನ್ನು ಕಾಯಿಸುವದು ಹೇಗೆ?

ಇಸಾಕನ ಕಥೆಯ ಕಡೆಯ ಭಾಗವನ್ನು ಈ ವಾರ ಮನೆಯಲ್ಲಿ ಮಕ್ಕಳನ್ನು ಕೂಡ್ರಿಸಿಕೊಂಡು ಓದಿರಿ. ಅವನು ಬೇರ್ಷೆಬಕ್ಕೆ ಹೋಗಿ ಮೊದಲು ಯಜ್ಞವೇದಿಯನ್ನು ಕಟ್ಟಿದನು, ಆಮೇಲೆ ಗುಡಾರ ಹಾಕಿದನು, ಆಮೇಲೆ ಆಳುಗಳು ಬಾವಿ ತೋಡತೊಡಗಿದರು. ಅಷ್ಟರಲ್ಲಿ ಹೊರಗೆ ಹಾಕಿದ ಅರಸನಾದ ಅಬೀಮೆಲೆಕನೇ ತನ್ನ ಸೇನಾಪತಿಯೊಂದಿಗೆ ಬಂದನು. ನನ್ನನ್ನು ಹಗೆಮಾಡಿ ಕಳುಹಿಸಿಬಿಟ್ಟವರು ಈಗ ಯಾಕೆ ಬಂದಿರಿ ಎಂದು ಇಸಾಕನು ನೆಟ್ಟಗೆ ಕೇಳಿದನು. ನೋವನ್ನು ನುಂಗಿಕೊಂಡು ನಗುಮುಖ ಮಾಡಲಿಲ್ಲ. ಕೇಳಿದ ಮೇಲೆ ಔತಣ ಮಾಡಿಸಿದನು. ಬೆಳಿಗ್ಗೆ ಎದ್ದು ಒಬ್ಬರಿಗೊಬ್ಬರು ಪ್ರಮಾಣ ಮಾಡಿಕೊಂಡರು. ಬಂದವರು ಸಮಾಧಾನದಿಂದ ಹೊರಟುಹೋದರು. ಅದೇ ದಿವಸ ಆಳುಗಳು ಬಂದು, ನೀರು ಸಿಕ್ಕಿತೆಂದು ಹೇಳಿದರು.