ಮೀಟರ್ ಕುಸಿದ ದಿನ

 

ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಒಂದು ಸುತ್ತವನ್ನು ತೆಗೆದುಕೊಂಡು ನಾಲ್ಕು ಮಾತು ಬರೆಯೋಣ ಎಂದುಕೊಂಡಿದ್ದೆ. ಆದರೆ ಒಂದು ತಿಂಗಳಿಂದ ನನ್ನ ತಲೆಯಲ್ಲಿ ಕೂತಿರುವುದು ನನ್ನ ಹಳೆಯ ಕಾರಿನ ಬ್ಯಾಟರಿ ಮೀಟರ್. ಸುತ್ತವೂ ಹಿಂದೆಯೇ ಬರುತ್ತದೆ, ಸ್ವಲ್ಪ ತಾಳಿಕೊಳ್ಳಿ.

ನಿವೃತ್ತಿಯಾದಾಗ ಬಂದ ಹಣದಲ್ಲಿ ನಾನೊಂದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ಕೊಂಡಿದ್ದು ನಿಮ್ಮಲ್ಲಿ ಹಲವರಿಗೆ ಗೊತ್ತು. ಪೆಟ್ರೋಲ್ ಎಂಜಿನ್ನೂ ಇದೆ, ವಿದ್ಯುತ್ ಮೋಟಾರೂ ಇದೆ. ಇದನ್ನು ಮನೆಯ ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡುವ ಹಾಗಿಲ್ಲ. ಎಂಜಿನ್ ಓಡುವಾಗ, ಬ್ರೇಕ್ ಒತ್ತಿದಾಗ ಬ್ಯಾಟರಿ ತಾನೇ ತುಂಬಿಕೊಳ್ಳುತ್ತದೆ. ಎಷ್ಟು ತುಂಬಿದೆ ಎಂದು ಮುಂದಿನ ಪರದೆಯಲ್ಲಿ 8 ಗೆರೆಗಳು ತೋರಿಸುತ್ತವೆ. ಆ ಗೆರೆಗಳನ್ನು ನೋಡುತ್ತಾ ಗಾಡಿ ಓಡಿಸುವುದು ನನಗೊಂದು ಚಟವೇ ಆಗಿಬಿಟ್ಟಿತ್ತು.

ಈ ಸಲದ ಬುದ್ಧ ಪೂರ್ಣಿಮೆಗೆ ಬೆಂಗಳೂರಿನಿಂದ ಪುಸ್ತಕದ ಕಟ್ಟುಗಳನ್ನು ತುಂಬಿಕೊಂಡು ಚಿತ್ರದುರ್ಗಕ್ಕೆ ವಾಪಸ್ ಬರುತ್ತಿದ್ದೆ. ಶಿರಾ ದಾಟಿತ್ತು, ಹಿರಿಯೂರು ಇನ್ನೂ ಬಂದಿರಲಿಲ್ಲ. ಮಟಮಟ ಮಧ್ಯಾಹ್ನ, ಬೆಂಕಿಯಂಥ ಬಿಸಿಲು. ಲಾರಿಯೊಂದನ್ನು ಹಿಂದೆ ಹಾಕಲು ಜೋರಾಗಿ ಒತ್ತಿದೆ ನೋಡಿ, 6 ಗೆರೆ ಇದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ 2ಕ್ಕೆ ಬಂತು. ಎಂಜಿನ್ ಗರ್ ಎಂದು ಕೂಗಲು ಶುರುಮಾಡಿತು. ರಸ್ತೆ ಪಕ್ಕ ನಿಲ್ಲಿಸಿದೆ. ಹತ್ತು ನಿಮಿಷಕ್ಕೆ ಗೆರೆಗಳು ಮತ್ತೆ 7ಕ್ಕೆ ಏರಿದವು. ಏನೋ ಭ್ರಮೆ ಎಂದುಕೊಂಡು ಹೊರಟೆ. ಮುಂದಿನ ಏರಿನಲ್ಲಿ ಮತ್ತೆ ಅದೇ ಕಥೆ.

ಮುಂದಿನ ವಾರ ಬೆಂಗಳೂರಿನ ಸಣ್ಣ ಗ್ಯಾರೇಜೊಂದರಲ್ಲಿ ಇಂಥ ಗಾಡಿಗಳನ್ನೇ ನೋಡುವ ಹುಡುಗನ ಹತ್ತಿರ ಹೋದೆ. ಮೊದಲು ಕೇಳಿದ್ದು, "ಅಷ್ಟೊಂದು ಚಾರ್ಜು ಎಲ್ಲಿ ಹೋಯ್ತಪ್ಪ?" ಎಂದು.

"ಎಲ್ಲೂ ಹೋಗಿಲ್ಲ ಸಾರ್. ಅದು ಮೊದಲೇ ಇರಲಿಲ್ಲ" ಎಂದ.

ಅವನು ವಿವರಿಸಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಪೆಟ್ರೋಲ್ ಟ್ಯಾಂಕಿನೊಳಗೆ ತೇಲುವ ಒಂದು ಫ್ಲೋಟ್ ಇರುತ್ತದೆ, ಪೆಟ್ರೋಲ್ ಇಳಿದರೆ ಅದೂ ಇಳಿಯುತ್ತದೆ. ಬ್ಯಾಟರಿಯೊಳಗೆ ಅಂಥದ್ದೇನೂ ಇಲ್ಲ. ಒಳಗೆ ಎಷ್ಟಿದೆ ಎಂದು ಇಣುಕಿ ನೋಡುವ ದಾರಿ ಕಾರಿಗೆ ಇಲ್ಲ. ಎಷ್ಟು ಕರೆಂಟ್ ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಅದು ಲೆಕ್ಕ ಬರೆದುಕೊಳ್ಳುತ್ತದೆ, ಅಷ್ಟೆ. ಕಿರಾಣಿ ಅಂಗಡಿಯವನು ಖಾತೆ ಪುಸ್ತಕ ನೋಡಿ "ಅಕ್ಕಿ ಇನ್ನೂ ಅರ್ಧ ಮೂಟೆ ಇದೆ" ಎನ್ನುವ ಹಾಗೆ. ಇಲಿ ತಿಂದದ್ದು ಖಾತೆಯಲ್ಲಿ ಇರುವುದಿಲ್ಲ. ಅಳತೆಯಲ್ಲಿ ಆಗುವ ಚೂರುಪಾರು ತಪ್ಪು, ಬ್ಯಾಟರಿ ತನ್ನಷ್ಟಕ್ಕೆ ಕಳೆದುಕೊಳ್ಳುವ ಚಾರ್ಜು, ವಯಸ್ಸಾಗಿ ಕುಗ್ಗಿದ ಶಕ್ತಿ, ಇವೆಲ್ಲ ಸೇರಿ ಖಾತೆಗೂ ಮೂಟೆಗೂ ಅಂತರ ಬೆಳೆಯುತ್ತಾ ಹೋಗುತ್ತದೆ.

ವೋಲ್ಟೇಜ್ ನೋಡಿದರೆ ಗೊತ್ತಾಗುವುದಿಲ್ಲವೇ ಎಂದು ಕೇಳಿದೆ. ನನ್ನ ಗಾಡಿಯಲ್ಲಿರುವುದು ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಅದು ಅರ್ಧ ತುಂಬಿದ್ದರೂ ಮುಕ್ಕಾಲು ತುಂಬಿದ್ದರೂ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ. ಸುಮ್ಮನೆ ಓಡುವಾಗ ಏನೂ ತಿಳಿಯುವುದಿಲ್ಲ. "ಲೋಡ್ ಬೀಳಬೇಕು ಸಾರ್, ಆಗಲೇ ಬಣ್ಣ ಬಯಲಾಗೋದು" ಎಂದ.

ಒಂದು ಸೆಲ್ 1.2 ವೋಲ್ಟ್. ಅಂಥ 168 ಸೆಲ್ಲುಗಳನ್ನು ಒಂದರ ಹಿಂದೆ ಒಂದರಂತೆ ಜೋಡಿಸಿ 201.6 ವೋಲ್ಟ್ ಮಾಡಿದ್ದಾರೆ. ಕಾರಿನ ಕಂಪ್ಯೂಟರ್ ಅವುಗಳನ್ನು 14 ಗುಂಪುಗಳಾಗಿ ನೋಡುತ್ತದೆ. ಹುಡುಗ ತನ್ನ ಸ್ಕ್ಯಾನರ್ ಸಿಕ್ಕಿಸಿ, ಬ್ರೇಕ್ ಹಿಡಿದು ಆಕ್ಸಿಲರೇಟರ್ ಒತ್ತಿ ತೋರಿಸಿದ. 13 ಗುಂಪುಗಳ ಅಂಕಿ ಸ್ವಲ್ಪ ಸ್ವಲ್ಪ ಇಳಿದವು. ಒಂದು ಮಾತ್ರ ದಡಾರನೆ ಕುಸಿಯಿತು. ಸಾಲಿನಲ್ಲಿ ಎಲ್ಲದರೊಳಗೂ ಹರಿಯುವುದು ಒಂದೇ ಕರೆಂಟ್ ಆದ್ದರಿಂದ ಆ ದುರ್ಬಲ ಸೆಲ್ ಹೇಳಿದ್ದೇ ಇಡೀ ಬ್ಯಾಟರಿಯ ಮಾತು. ಕಂಪ್ಯೂಟರ್ ತನ್ನ ಹಳೆಯ ಲೆಕ್ಕವನ್ನು ಅಲ್ಲೇ ಹೊಡೆದುಹಾಕಿ ಗೆರೆಗಳನ್ನು 2ಕ್ಕೆ ಇಳಿಸುತ್ತದೆ.

"ಮತ್ತೆ ಅಷ್ಟು ಬೇಗ ತುಂಬುತ್ತಲ್ಲಪ್ಪ?"

"ಅದಕ್ಕೆ ಖುಷಿಪಡಬೇಡಿ ಸಾರ್. ಲೋಟ ಚಿಕ್ಕದಾಗಿದೆ. ಚಿಕ್ಕ ಲೋಟ ಬೇಗ ತುಂಬುತ್ತೆ, ಬೇಗ ಖಾಲಿಯಾಗುತ್ತೆ."

ಆಮೇಲೆ ಹಿಂದಿನ ಸೀಟಿನ ಪಕ್ಕದ ಒಂದು ಜಾಲರಿ ತೋರಿಸಿ, ಇಲ್ಲಿ ಏನಿಡುತ್ತೀರಿ ಎಂದು ಕೇಳಿದ. ಬ್ಯಾಟರಿಯನ್ನು ತಂಪಾಗಿಡುವ ಫ್ಯಾನು ಗಾಳಿ ಎಳೆದುಕೊಳ್ಳುವುದು ಅಲ್ಲಿಂದ. ಶಾಖವೇ ಈ ಬ್ಯಾಟರಿಯ ದೊಡ್ಡ ಶತ್ರು. ನಾನು ಮೂರು ವರ್ಷದಿಂದ ಆ ಜಾಲರಿಗೆ ಒತ್ತರಿಸಿ ಇಡುತ್ತಿದ್ದದ್ದು ಬಾಬಾಸಾಹೇಬರ ಪುಸ್ತಕಗಳ ಕಟ್ಟು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹೊಸ ಬ್ಯಾಟರಿ ಹಾಕಿಸಲು ಲಕ್ಷದ ಮೇಲೆ ಹೇಳಿದ. ನನ್ನ ಮುಖ ನೋಡಿ ಅವನಿಗೇ ಪಾಪ ಎನಿಸಿರಬೇಕು. "ಮಾರೋದಾದ್ರೆ ಒಂದು ದಾರಿ ಇದೆ ಸಾರ್. ಆ ಚಿಕ್ಕ 12 ವೋಲ್ಟ್ ಬ್ಯಾಟರಿ ತಂತಿ ಕಳಚಿ ಮತ್ತೆ ಹಾಕಿದ್ರೆ ಕಲಿತದ್ದೆಲ್ಲ ಮರೆತುಬಿಡುತ್ತೆ. ಸ್ವಲ್ಪ ದಿನ ಮೀಟರ್ ಚೆನ್ನಾಗೇ ಕಾಣುತ್ತೆ. ಎಲ್ಲರೂ ಮಾಡೋದೇ."

ಬಂಧುಗಳೇ, ನಾನು ಬೇಡ ಎನ್ನಲಿಲ್ಲ. ನೋಡೋಣ ಎಂದು ಬಂದೆ.

ಅದೇ ವಾರ ಪಕ್ಕದ ಜಿಲ್ಲೆಯ ಒಬ್ಬ ಮೇಷ್ಟ್ರು ಫೋನ್ ಮಾಡಿದರು. ನಮ್ಮವರೇ, ನಾಲ್ಕು ವರ್ಷದ ಹಿಂದೆ ದೀಕ್ಷೆ ತೆಗೆದುಕೊಂಡವರು. ಕಾರು ಮಾರುತ್ತೀನಿ ಎಂದು ಯಾರೋ ಹೇಳಿದ್ದರಂತೆ. ನಾನು ಬೆಲೆ ಹೇಳಿದೆ. ಒಮ್ಮೆ ಬಂದು ಓಡಿಸಿ ನೋಡಿ ಎಂದೆ. ಅವರು, "ಯಾಕೆ ಸಾರ್, ನೀವು ಧಮ್ಮದಲ್ಲಿರೋರು. ನಿಮ್ಮ ಮಾತೇ ಸಾಕು" ಎಂದುಬಿಟ್ಟರು.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅವರು ಬ್ಯಾಟರಿ ಬಗ್ಗೆ ಕೇಳಲೇ ಇಲ್ಲವಲ್ಲ, ಕೇಳದ್ದಕ್ಕೆ ಉತ್ತರ ಕೊಡದಿದ್ದರೆ ಅದು ಸುಳ್ಳೇ? ತಂತಿ ಕಳಚುವುದು ಬಾಯಿಂದ ಆಡಿದ ಸುಳ್ಳೂ ಅಲ್ಲವಲ್ಲ. ಹೀಗೆ ಲಾಯರಿನ ಹಾಗೆ ವಾದ ಹೂಡುತ್ತಾ ಹೊರಳಾಡಿದೆ. ಕೇಸಪುತ್ತದಲ್ಲಿ ಕಾಲಾಮರಿಗೆ ಭಗವಾನರು ಹೇಳಿದ್ದೇ ಅದಲ್ಲವೇ, ಗುರು ಎಂಬ ಗೌರವಕ್ಕೆ ಯಾವುದನ್ನೂ ಒಪ್ಪಬೇಡಿ, ನೀವೇ ಪರೀಕ್ಷಿಸಿ ಎಂದು? ಹಾಗಾದರೆ ಪರೀಕ್ಷಿಸದೆ ಕೊಳ್ಳುವುದು ಮೇಷ್ಟ್ರ ತಪ್ಪು! ಕಾಲಾಮ ಸುತ್ತವನ್ನು ಹೀಗೂ ಬಳಸಬಹುದು ಎಂದು ನನಗೆ ಅಂದೇ ಗೊತ್ತಾಗಿದ್ದು. ಕೇಳುವವನಿಗೆ ಕೊಟ್ಟ ಎಚ್ಚರಿಕೆಯನ್ನು ಮಾರುವವನು ತನ್ನ ಗುರಾಣಿ ಮಾಡಿಕೊಳ್ಳುವುದು.

ಆಗ ನೆನಪಾದದ್ದು ಮಜ್ಝಿಮ ನಿಕಾಯದ 61ನೆಯ ಸುತ್ತ. ಭಗವಾನರು ರಾಹುಲನಿದ್ದ ಅಂಬಲಟ್ಠಿಕಕ್ಕೆ ಬರುತ್ತಾರೆ. ರಾಹುಲ ಕಾಲು ತೊಳೆಯಲು ನೀರಿಡುತ್ತಾನೆ. ಕಾಲು ತೊಳೆದು ಪಾತ್ರೆಯಲ್ಲಿ ಒಂದಿಷ್ಟು ನೀರು ಉಳಿಸಿ, ಇದರಲ್ಲಿ ಉಳಿದಿರುವುದು ಕಾಣುತ್ತಿದೆಯೇ ಎಂದು ಕೇಳುತ್ತಾರೆ. ಗೊತ್ತಿದ್ದೂ ಸುಳ್ಳು ಹೇಳಲು ನಾಚದವನಲ್ಲಿ ಸಮಣತ್ವ ಇಷ್ಟೇ ಎನ್ನುತ್ತಾರೆ. ಆ ನೀರನ್ನೂ ಚೆಲ್ಲುತ್ತಾರೆ, ಪಾತ್ರೆಯನ್ನು ಬೋರಲು ಹಾಕುತ್ತಾರೆ, ಮತ್ತೆ ನೆಟ್ಟಗೆ ಮಾಡಿ ಖಾಲಿಯಾದ ಒಳಗನ್ನು ತೋರಿಸುತ್ತಾರೆ. ಆಮೇಲೆ ಕನ್ನಡಿಯ ಮಾತು ಬರುತ್ತದೆ: ಮಾಡುವ ಮೊದಲು, ಮಾಡುವಾಗ, ಮಾಡಿದ ಮೇಲೆ, ಮೂರು ಹೊತ್ತೂ ನೋಡಿಕೋ ಎಂದು. ಸುಳ್ಳಿನ ಬಗ್ಗೆ ರಾಹುಲನಿಗೆ ಹೇಳಿದ ಈ ಉಪದೇಶವನ್ನು ಅಶೋಕ ತನ್ನ ಭಾಬ್ರು ಶಾಸನದಲ್ಲಿ ಹೆಸರಿಟ್ಟು ಸೂಚಿಸಿದ್ದಾನೆ. ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೂ ಸತ್ಯ ನುಡಿಯಬೇಕೆಂಬ ಮಾತನ್ನು ಅವನು ಕೆತ್ತಿಸಿದ. ಅಲ್ಲಿಗೆ ನಾನು ಇದೇ ಕಾರಿನಲ್ಲಿ ನಿಮ್ಮಲ್ಲಿ ನಾಲ್ವರನ್ನು ಕರೆದುಕೊಂಡು ಹೋಗಿದ್ದೆ. ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳಾಡೆನು ಎಂಬುದೂ ಇದೆ. ಅದನ್ನು ನಾನು ಎಷ್ಟು ಸಭೆಗಳಲ್ಲಿ ಬೇರೆಯವರಿಗೆ ಹೇಳಿಕೊಟ್ಟಿದ್ದೇನೋ ಲೆಕ್ಕವಿಲ್ಲ. ಅದು ಖಾತೆ ಪುಸ್ತಕದ ಲೆಕ್ಕ.

ಇನ್ನೊಂದು ವಿಷಯ ಬರೆಯದೆ ಬಿಡಬಹುದಿತ್ತು. ಆದರೆ ಬ್ಯಾಟರಿಗಿಂತ ಅದೇ ನನ್ನನ್ನು ಹೆಚ್ಚು ಕಾಡಿದ್ದು.

ಎರಡು ವರ್ಷದ ಹಿಂದೆ ನನ್ನ ತಂಗಿಯ ಮಗ, ತಾನು ಮದುವೆಯಾಗಬೇಕೆಂದಿರುವ ಹುಡುಗಿಯ ವಿಷಯ ಹೇಳಲು ಬಂದ. ಹುಡುಗಿಯ ಮನೆಯವರೂ ದೀಕ್ಷೆ ತೆಗೆದುಕೊಂಡವರು. ಓದಿದ್ದಾಳೆ, ಕೆಲಸದಲ್ಲಿದ್ದಾಳೆ. ಎಲ್ಲ ಕೇಳಿ ಸಂತೋಷಪಟ್ಟು, ಕಾಫಿ ಲೋಟ ಕೆಳಗಿಡುತ್ತಾ ನಾನು ಕೇಳಿದ್ದು, "ಅವರು ಮೊದಲು ಯಾವ ಕಡೆಯವರೋ? ಬಲವೋ, ಎಡವೋ?"

ಹುಡುಗ ನನ್ನ ಮುಖವನ್ನೇ ನೋಡಿದ. "ಮಾವ, ನೀವೂ ಕೇಳ್ತೀರಾ?"

ನಾನು ನಕ್ಕುಬಿಟ್ಟೆ. "ಸುಮ್ನೆ ಕೇಳ್ದೆ ಕಣೋ. ನಾಳೆ ಜನ ಕೇಳ್ತಾರಲ್ಲ ಅಂತ."

ಮದುವೆ ಆಯಿತು. ನಾನೇ ಮುಂದೆ ನಿಂತು ತ್ರಿಸರಣ ಹೇಳಿಸಿದೆ, ಎಲ್ಲರೂ ಹೊಗಳಿದರು. ಜಾತಿ ಬಿಟ್ಟವನು ಎಂಬ ನನ್ನ ಮೀಟರ್ ಆ ದಿನ 8 ಗೆರೆ ತೋರಿಸುತ್ತಿತ್ತು. ಜಯಂತಿಯ ದಿನ, ಪೂರ್ಣಿಮೆಯ ದಿನ ಅದು ಎಷ್ಟು ಬೇಗ ತುಂಬುತ್ತದೆ ಎಂದು ನಿಮಗೂ ಗೊತ್ತು. ಆದರೆ ಲೋಡ್ ಬಿದ್ದ ಆ ಒಂದು ಕ್ಷಣದಲ್ಲಿ ಅದು ಕುಸಿದಿತ್ತು. ನಾನು ತಂತಿ ಕಳಚಿ ಮತ್ತೆ ಹಾಕಿದ್ದೆ, ಅಷ್ಟೆ. "ಸುಮ್ನೆ ಕೇಳ್ದೆ" ಎಂಬುದೇ ಆ ತಂತಿ. ಶತಮಾನಗಳ ರೋಗ ಒಂದು ದೀಕ್ಷೆಯಿಂದ ಪೂರ್ತಿ ಹೋಗುತ್ತದೆಯೇ ಎಂದು ಯಾರಾದರೂ ಸಮಾಧಾನ ಹೇಳಬಹುದು. ಇರಬಹುದು. ಆದರೆ ಗೆರೆ ಕುಸಿದಾಗ ಕಾರಿನ ಕಂಪ್ಯೂಟರ್ ತನ್ನ ಹಳೆಯ ಲೆಕ್ಕ ಹೊಡೆದುಹಾಕಿತು. ನಾನು ಹೊಡೆದುಹಾಕಲಿಲ್ಲ.

ಮೇಷ್ಟ್ರಿಗೆ ಮರುದಿನ ಬೆಳಿಗ್ಗೆ ಫೋನ್ ಮಾಡಿ ಎಲ್ಲ ಹೇಳಿದೆ. ದುರ್ಬಲ ಗುಂಪು, ಜಾಲರಿ, ಬ್ಯಾಟರಿಯ ಬೆಲೆ, ತಂತಿಯ ವಿಷಯವನ್ನೂ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. "ಯೋಚನೆ ಮಾಡಿ ಹೇಳ್ತೀನಿ ಸಾರ್" ಎಂದರು. ಇನ್ನೂ ಹೇಳಿಲ್ಲ. ಅವರಿಗೆ ನನ್ನ ಮೇಲೆ ಗೌರವ ಹೆಚ್ಚಿತೋ ಕಡಿಮೆಯಾಯಿತೋ ಗೊತ್ತಿಲ್ಲ. ಕೈಗೆ ಬಂದ ಬೆಲೆ ಹೋಯಿತಲ್ಲ ಎಂದು ನನಗೆ ಎರಡು ದಿನ ಸಂಕಟವಾದದ್ದೂ ನಿಜ.

ಕಳೆದ ಭಾನುವಾರ ತಂಗಿಯ ಮನೆಗೆ ಹೋಗಿದ್ದೆ. ಹುಡುಗ ಗೇಟಿನವರೆಗೆ ಬಿಡಲು ಬಂದ. ಕಾರಿನ ಬಾಗಿಲು ಹಿಡಿದು ನಿಂತು, "ಅವತ್ತು ನಾನು ಸುಮ್ನೆ ಕೇಳಿದ್ದಲ್ಲ ಕಣೋ" ಎಂದೆ.

"ಗೊತ್ತಿತ್ತು ಮಾವ" ಎಂದ. ಸ್ವಲ್ಪ ತಡೆದು, "ಅವಳಿಗೆ ಹೇಳಿಲ್ಲ. ನೀವೇ ಯಾವತ್ತಾದ್ರೂ ಹೇಳಿ" ಎಂದ.

ಇನ್ನೂ ಹೇಳಿಲ್ಲ. ಈ ಬಳಗದಲ್ಲಿ ಅವಳೂ ಇದ್ದಾಳೆ, ಇದನ್ನು ಓದುತ್ತಾಳೆ. ಓದಿದರೆ ಸಾಲದು, ಈ ಭಾನುವಾರ ಮತ್ತೆ ಹೋಗುತ್ತೇನೆ. ಕಾರು ಅದೇ. ಪುಸ್ತಕದ ಕಟ್ಟುಗಳನ್ನು ಮಾತ್ರ ಈಗ ಮುಂದಿನ ಸೀಟಿನಲ್ಲಿ ಇಡುತ್ತೇನೆ.

ಭವತು ಸಬ್ಬ ಮಂಗಲಂ. ಜೈ ಭೀಮ್.