ಹೆಸರಿನ ಋಣ

ನದಿಯ ನೀರು ಕ್ಷಣಕ್ಷಣಕ್ಕೂ ಹರಿದುಹೋಗುತ್ತಿದ್ದರೂ ನದಿಯನ್ನು ನಾವು ಒಂದೇ ಹೆಸರಿನಿಂದ ಕರೆಯುತ್ತೇವೆ. ಗಾಲಿ, ಅಚ್ಚು, ನೊಗಗಳನ್ನು ಬಿಡಿಬಿಡಿಯಾಗಿ ನೋಡಿದರೆ ರಥವೆಂಬುದು ಎಲ್ಲಿದೆಯೆಂದು ನಾಗಸೇನನು ಮಿಲಿಂದರಾಜನನ್ನು ಕೇಳಿದನಷ್ಟೆ. ಇವು ಜಡವಸ್ತುಗಳ ಮಾತು. ನದಿಗಾಗಲಿ ರಥಕ್ಕಾಗಲಿ ತನ್ನ ಹೆಸರಿನ ವಿಷಯದಲ್ಲಿ ಕರ್ತವ್ಯವೇನೂ ಇಲ್ಲ. ಆದರೆ ಮನುಷ್ಯರು ಕೂಡಿ ಒಂದು ಹೆಸರನ್ನು ಕಟ್ಟಿ, ಬಳಿಕ ಒಬ್ಬೊಬ್ಬರಾಗಿ ಅಗಲಿ, ಅವರ ಸ್ಥಾನಕ್ಕೆ ಬೇರೆಯವರು ಬಂದಾಗ ಆ ಹೆಸರು ಯಾರದು? ಇಲ್ಲಿ ತತ್ತ್ವವಿಚಾರವು ಧರ್ಮವಿಚಾರವಾಗಿ ಮಾರ್ಪಡುತ್ತದೆ. ಈ ಪ್ರಶ್ನೆಯನ್ನು ಪರೀಕ್ಷಿಸಲು ಇಂಗ್ಲೆಂಡಿನ ಡೀಪ್ ಪರ್ಪಲ್ ಎಂಬ ಹಾರ್ಡ್ ರಾಕ್ ವಾದ್ಯವೃಂದದ ಚರಿತ್ರೆಯು ತಕ್ಕ ನಿದರ್ಶನವಾಗಿದೆ.

ಈ ವೃಂದವು 1968ರಲ್ಲಿ ಹರ್ಟ್‌ಫರ್ಡಿನಲ್ಲಿ ಹುಟ್ಟಿತು. ಗಾಯಕ ರಾಡ್ ಇವಾನ್ಸ್, ಗಿಟಾರಿನ ರಿಚಿ ಬ್ಲ್ಯಾಕ್‌ಮೋರ್, ಆರ್ಗನ್ನಿನ ಜಾನ್ ಲಾರ್ಡ್, ಬೇಸ್ ಗಿಟಾರಿನ ನಿಕ್ ಸಿಂಪರ್, ಡ್ರಮ್ಮಿನ ಇಯನ್ ಪೇಸ್ ಇವರೇ ಮೊದಲಿನ ಐವರು. 1969ರಲ್ಲಿ ಇವಾನ್ಸ್, ಸಿಂಪರರನ್ನು ಬಿಟ್ಟು ಇಯನ್ ಗಿಲನ್, ರಾಜರ್ ಗ್ಲೋವರರನ್ನು ಸೇರಿಸಿಕೊಂಡರು. ವೃಂದಕ್ಕೆ ಮಹಾಕೀರ್ತಿಯನ್ನು ತಂದುದು ಈ ಎರಡನೆಯ ಕೂಟ. 1973ರಲ್ಲಿ ಇವರಿಬ್ಬರೂ ಹೊರಟುಹೋಗಲು ಡೇವಿಡ್ ಕವರ್‌ಡೇಲ್, ಗ್ಲೆನ್ ಹ್ಯೂಸ್ ಬಂದರು; 1975ರಲ್ಲಿ ಬ್ಲ್ಯಾಕ್‌ಮೋರರ ಸ್ಥಾನಕ್ಕೆ ಟಾಮಿ ಬೋಲಿನ್ ಬಂದರು. 1976ರಲ್ಲಿ ವೃಂದವೇ ಮುರಿಯಿತು. 1984ರಲ್ಲಿ ಎರಡನೆಯ ಕೂಟದವರು ಮತ್ತೆ ಕೂಡಿದರು. ಆಮೇಲೆಯೂ ಹೋಗುವವರು ಹೋದರು, ಬರುವವರು ಬಂದರು. 2022ರಲ್ಲಿ ಸೈಮನ್ ಮೆಕ್‌ಬ್ರೈಡ್ ಸೇರುವ ಹೊತ್ತಿಗೆ, ಕೆಲಕಾಲಕ್ಕೆ ಮಾತ್ರ ನೆರವಾದವರನ್ನು ಬಿಟ್ಟು, 14 ಮಂದಿ ಈ ಹೆಸರಿನಡಿಯಲ್ಲಿ ನುಡಿಸಿದ್ದರು. ಎಲ್ಲ ಕೂಟಗಳಲ್ಲಿಯೂ ಇದ್ದವರು ಪೇಸ್ ಒಬ್ಬರೇ.

ವೃಂದವೆಂದರೆ ಅದರ ವ್ಯಕ್ತಿಗಳೇ ಎಂಬುದು ಮೊದಲು ತೋರುವ ಉತ್ತರ. ಆದರೆ 1980ನೆಯ ವರ್ಷದಲ್ಲಿ ಕವರ್‌ಡೇಲ್, ಲಾರ್ಡ್, ಪೇಸ್ ಈ ಮೂವರೂ ವೈಟ್‌ಸ್ನೇಕ್ ಎಂಬ ಮತ್ತೊಂದು ವೃಂದದಲ್ಲಿ ಜೊತೆಗೂಡಿ ನುಡಿಸುತ್ತಿದ್ದರು. ಹಳೆಯ ಮನೆಯ ಮೂವರು ಒಂದೇ ವೇದಿಕೆಯ ಮೇಲಿದ್ದರೂ ಅವರು ತಮ್ಮನ್ನು ಡೀಪ್ ಪರ್ಪಲ್ ಎಂದುಕೊಳ್ಳಲಿಲ್ಲ, ಕೇಳುವವರೂ ಹಾಗೆನ್ನಲಿಲ್ಲ. ಆದುದರಿಂದ ವ್ಯಕ್ತಿಗಳು ಕೂಡಿದ ಮಾತ್ರಕ್ಕೆ ಹೆಸರು ಅವರನ್ನು ಹಿಂಬಾಲಿಸುವುದಿಲ್ಲ.

ಹಾಗಾದರೆ ಹಾಡುಗಳೇ ವೃಂದವೆನ್ನೋಣವೆ? ಅದೇ 1980ರಲ್ಲಿ ‘ಡೀಪೆಸ್ಟ್ ಪರ್ಪಲ್’ ಎಂಬ ಹೆಸರಿನಿಂದ ಅವರ ಅತ್ಯುತ್ತಮ ಗೀತೆಗಳ ಸಂಕಲನವು ಹೊರಟು ಬ್ರಿಟನ್ನಿನಲ್ಲಿ ಮಾರಾಟದ ಮೊದಲನೆಯ ಸ್ಥಾನವನ್ನು ಪಡೆಯಿತು. ಅದರಲ್ಲಿದ್ದ 12 ಗೀತೆಗಳಲ್ಲಿ 10 ಎರಡನೆಯ ಕೂಟದವು, 2 ಮೂರನೆಯ ಕೂಟದವು. ಮೊದಲನೆಯ ಕೂಟದ್ದಾಗಲಿ ಬೋಲಿನ್ನರ ಕಾಲದ್ದಾಗಲಿ ಒಂದೂ ಇಲ್ಲ. 1968ರಲ್ಲಿ ಅಮೆರಿಕದಲ್ಲಿ ವೃಂದದ ಹೆಸರನ್ನು ಮೊದಲು ಹಬ್ಬಿಸಿದ ‘ಹಷ್’ ಎಂಬ ಹಾಡಿಗೂ ಅಲ್ಲಿ ಎಡೆ ದೊರೆಯಲಿಲ್ಲ. ಸಂಕಲನವು ಚರಿತ್ರೆಯಂತೆ ಕಾಣುತ್ತದೆ; ನಿಜವಾಗಿ ಅದು ಆಯ್ಕೆ.

ಹಾಡಿನ ವಿಷಯದಲ್ಲಿ ಇನ್ನೊಂದು ತೊಡಕೂ ಉಂಟು. 1971ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಫ್ರಾಂಕ್ ಜಾಪಾರ ಗಾನಸಭೆ ನಡೆಯುತ್ತಿದ್ದಾಗ ಅಲ್ಲಿನ ಕ್ಯಾಸಿನೊ ಭವನಕ್ಕೆ ಬೆಂಕಿ ಬಿದ್ದಿತು. ಹೊಸ ಗೀತೆಗಳನ್ನು ಮುದ್ರಿಸಿಕೊಳ್ಳಲು ಬಂದಿದ್ದ ಎರಡನೆಯ ಕೂಟದವರು ಸರೋವರದ ಮೇಲೆ ಹೊಗೆ ಹರಡುವುದನ್ನು ಕಂಡರು. ಅದೇ ‘ಸ್ಮೋಕ್ ಆನ್ ದ ವಾಟರ್’ ಎಂಬ ಹಾಡಾಯಿತು. ಹಾಡಿರುವುದು ಕಂಡವರ ಮಾತಿನಲ್ಲಿ, ‘ನಾವು’ ಎಂದು. 1974ರಲ್ಲಿ ಅದನ್ನು ಹಾಡಿದ ಕವರ್‌ಡೇಲರು ಆ ಬೆಂಕಿಯ ದಿನ ವೃಂದದವರೇ ಅಲ್ಲ. ಅವರು ಸುಳ್ಳು ಹೇಳಿದರೇನು? ಹಾಗೆನ್ನಲಾಗದು. ರಾಮನ ವೇಷ ಕಟ್ಟಿದವನು ‘ನಾನು ದಾಶರಥಿ’ ಎಂದರೆ ಅಸತ್ಯವಾಗುವುದಿಲ್ಲ; ಸಭಿಕರಿಗೆ ಅದು ವೇಷವೆಂದು ತಿಳಿದಿದೆ. ಕವರ್‌ಡೇಲರು ಹೊಸಬರೆಂಬುದೂ ಎಲ್ಲರಿಗೂ ತಿಳಿದಿದ್ದಿತು. ಅಸತ್ಯವು ಹಾಡಿನಲ್ಲಿಲ್ಲ, ಕೇಳುವವರ ತಿಳಿವಳಿಕೆಗೆ ಮುಸುಕು ಹಾಕುವುದರಲ್ಲಿದೆ.

ಆ 1980ರಲ್ಲಿಯೇ ಮೂರನೆಯ ಸಂಗತಿಯೊಂದು ನಡೆಯಿತು. ಇವಾನ್ಸರನ್ನು ಮುಂದಿಟ್ಟುಕೊಂಡು, ವೃಂದದಲ್ಲಿ ಹಿಂದೆಂದೂ ಇಲ್ಲದಿದ್ದ ನಾಲ್ವರೊಡನೆ ಒಂದು ಮೇಳವು ಡೀಪ್ ಪರ್ಪಲ್ ಎಂಬ ಹೆಸರಿನಿಂದ ಮೆಕ್ಸಿಕೊ, ಅಮೆರಿಕ, ಕೆನಡಗಳಲ್ಲಿ ಸಂಚರಿಸಿತು. ಜನರು ಹಳೆಯ ಪರಿಚಿತರನ್ನು ಕಾಣುವೆವೆಂದು ಹಣ ತೆತ್ತು ಬಂದರು. ವ್ಯಾಜ್ಯವು ಅಮೆರಿಕದ ನ್ಯಾಯಾಲಯಕ್ಕೆ ಹೋಯಿತು. ಹೆಸರನ್ನು ಬಳಸಿದವರು 6,72,000 ಡಾಲರುಗಳನ್ನು ಕೊಡತಕ್ಕದ್ದೆಂದು ತೀರ್ಪಾಯಿತು.

ತೀರ್ಪು ಸ್ವತ್ತಿನ ಪ್ರಶ್ನೆಯನ್ನು ಮುಗಿಸಿತು, ಧರ್ಮದ ಪ್ರಶ್ನೆಯನ್ನಲ್ಲ. ಇವಾನ್ಸರ ಪಕ್ಷದಲ್ಲಿಯೂ ಒಂದು ನ್ಯಾಯವಿದೆ. ಆ ಹೆಸರಿಗೆ ಮೊದಲು ದನಿ ಕೊಟ್ಟವರು ಅವರು. ಬೀಜ ಬಿತ್ತಿದವನನ್ನು ಹೊಲದಿಂದ ಕಳುಹಿಸಿ, ಬೆಳೆಯ ಲೆಕ್ಕದಲ್ಲಿ ಅವನ ಪಾಲನ್ನೂ ಅಳಿಸಿ, ಕಡೆಗೆ ಅವನು ಹೊಲದ ಹೆಸರನ್ನು ಹೇಳಿಕೊಂಡರೆ ಅಪರಾಧವೆನ್ನುವುದು ಕಠೋರವಲ್ಲವೆ?

ನಮಗೆ ತೋರುವ ಪರಿಹಾರವಿದು. ಹೆಸರಿಗೆ ಎರಡು ಮುಖಗಳಿವೆ: ಒಂದು ನೆನಪು, ಇನ್ನೊಂದು ಮಾತು. ಹಿಂದೆ ಮಾಡಿದ ಕೆಲಸದ ನೆನಪಿನಲ್ಲಿ ದುಡಿದವರೆಲ್ಲರಿಗೂ ಪಾಲುಂಟು. ಅದನ್ನು ಯಾವ ಒಪ್ಪಂದವೂ ಕಿತ್ತುಕೊಳ್ಳಲಾರದು. ಆದರೆ ನಾಳೆ ಸಂಜೆ ಸಭೆಗೆ ಬನ್ನಿರಿ, ಇಂಥದನ್ನು ಕೇಳುವಿರಿ ಎಂದು ಹೆಸರು ಕೊಡುವ ಮಾತು ಬೇರೆ. ಅದನ್ನು ಕೊಡಬೇಕಾದರೆ ಜೊತೆಯಲ್ಲಿ ಹೆಸರನ್ನು ಹೊತ್ತವರ ಸಮ್ಮತಿ ಬೇಕು, ಕೇಳುವವರೊಡನೆ ಮುಚ್ಚುಮರೆಯಿಲ್ಲದ ನಡತೆ ಬೇಕು. ಇವಾನ್ಸರಿಗೆ ನೆನಪಿನ ಹಕ್ಕು ಪೂರ್ಣವಾಗಿದ್ದಿತು. ಮಾತು ಕೊಡುವ ಹಕ್ಕಿರಲಿಲ್ಲ.

ಸಮ್ಮತಿಯೊಂದೇ ಸಾಲುವುದಾದರೆ, ಒಡೆಯರು ಅಪರಿಚಿತರಾದ ಐವರನ್ನು ಕೂಲಿಗೆ ಹಿಡಿದು ಅದೇ ಹೆಸರಿಡಬಹುದಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕಾಗಿಯೇ ಮೂರನೆಯದೊಂದು ಬೇಕು: ಪರಂಪರೆ. ದೀಪದಿಂದ ದೀಪ ಹೊತ್ತಬೇಕಾದರೆ ಎರಡೂ ಒಂದು ಕ್ಷಣವಾದರೂ ತಾಗಿರಬೇಕು. 2002ರಲ್ಲಿ ಲಾರ್ಡ್ ನಿವೃತ್ತರಾದಾಗ ಡಾನ್ ಏರಿ ಬಂದರು. 2022ರಲ್ಲಿ ಮೆಕ್‌ಬ್ರೈಡ್ ಬಂದಾಗ ಪಕ್ಕದಲ್ಲಿ ಗಿಲನ್, ಗ್ಲೋವರ್, ಪೇಸ್ ಇದ್ದರು. ಹೊಸಬರು ಹಳಬರ ಸಮ್ಮುಖದಲ್ಲಿ ಕೆಲಸವನ್ನು ಕೈಗೆತ್ತಿಕೊಂಡರು. 1980ರ ಮೇಳಕ್ಕಾದರೊ ಹಿಂದಿನದರೊಡನೆ ಇದ್ದ ತಾಗು ಒಬ್ಬರೇ. ಅವರೂ ಆ ಬೆಂಕಿಗಿಂತ ಮೊದಲೇ ಮನೆ ಬಿಟ್ಟವರು.

ಮಾತಿನ ಪಕ್ಷದಲ್ಲಿ ಹೀಗೆ ಕಟ್ಟುನಿಟ್ಟಾಗಿರುವವರು ನೆನಪಿನ ಪಕ್ಷದಲ್ಲಿಯೂ ಅಷ್ಟೇ ಕಟ್ಟುನಿಟ್ಟಾಗಿರಬೇಕಷ್ಟೆ. 2016ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಕೀರ್ತಿಭವನವು ಈ ವೃಂದವನ್ನು ಗೌರವಿಸಿ 8 ಮಂದಿಯ ಹೆಸರುಗಳನ್ನು ಬರೆಯಿತು. ಇವಾನ್ಸರ ಹೆಸರು ಅಲ್ಲಿತ್ತು. ಇದು ಸಂತೋಷದ ಸಂಗತಿ. ಆದರೆ ಅವರೊಡನೆ ಮೊದಲ ದಿನವೇ ಇದ್ದ ಸಿಂಪರರ ಹೆಸರಿಲ್ಲ, ಎಳೆಯ ವಯಸ್ಸಿನಲ್ಲಿ 1976ರಲ್ಲಿಯೇ ತೀರಿಕೊಂಡ ಬೋಲಿನ್ನರದಿಲ್ಲ, 1994ರಿಂದ ಗಿಟಾರನ್ನು ಹೊತ್ತು ಆ ವರ್ಷವೂ ವೃಂದದಲ್ಲಿಯೇ ಇದ್ದ ಸ್ಟೀವ್ ಮೋರ್ಸರದೂ ಇಲ್ಲ. ಅತ್ಯುತ್ತಮವನ್ನು ಆರಿಸುವ ಕೈಯು ಬಿಟ್ಟದ್ದನ್ನು ಹೇಳುವುದಿಲ್ಲ.

ಹೆಸರು ಸ್ವತ್ತಲ್ಲ, ನ್ಯಾಸ. ಅದನ್ನು ಪಡೆದವನು ಮುಂದಿನವರಿಗೆ ಎಷ್ಟು ಋಣಿಯೋ, ತನಗಿಂತ ಮೊದಲು ಹೊತ್ತು ಇಳಿಸಿದವರಿಗೂ ಅಷ್ಟೇ ಋಣಿ. ಸಂಘ, ಪಾಠಶಾಲೆ, ಮನೆತನ ಯಾವುದೇ ಆಗಲಿ, ಪೂರ್ವಿಕರ ಕೀರ್ತಿಯನ್ನು ಉಣ್ಣುತ್ತ ಅವರಲ್ಲಿ ಕೆಲವರ ಹೆಸರನ್ನು ಮರೆಯುವುದಾದರೆ, ನ್ಯಾಯಾಲಯವು ಆಕ್ಷೇಪಿಸದಿರಬಹುದು. ಆದರೂ ಆ ಅನ್ನದಲ್ಲಿ ಪರರ ಪಾಲು ಸೇರಿಯೇ ಇರುತ್ತದೆ.